ಬಾಣಲೆ ನಿಂತ ಮಧ್ಯಾಹ್ನ

ಫೆಲಿಸ್ಮಿನಾ ಹುಟ್ಟಿದ ಮನೆಯ ಬಾಗಿಲು ತೆರೆದರೆ ಎದುರಿಗೆ, ಸ್ಪೇನಿನ ಗಡಿಗೆ ಅಂಟಿದ ಬೆಟ್ಟದೂರು ಪೆನಾಗ್ರಾಲ್ಯದ ಕೋಟೆಗೋಡೆ. ಮದುವೆಯಾಗಿ ಸೇರಿದ ಮನೆಯೂ ಅದೇ ಓಣಿಯದು, ಆರು ಬಾಗಿಲು ಆಚೆ. ಅಲ್ಲಿಯೂ ಬಾಗಿಲು ತೆರೆದರೆ ಅದೇ ಗೋಡೆ. ಗೋಡೆಗೂ ಓಣಿಗೂ ನಡುವೆ ಒಂದೊಂದು ಮನೆಗೆ ಒಂದೊಂದು ತುಂಡು ಕೈತೋಟ, ಕೋಸು ಬೆಳೆಯುವುದಕ್ಕೆ. ಕೋಸಿನ ನಡುವೆ ಅಲ್ಲಲ್ಲಿ ಹಂದಿಯ ಬೆನ್ನಿನಂತೆ ಎದ್ದ ಬಂಡೆ. ಅರುವತ್ತೆಂಟು ವರ್ಷ ಬೆಳಗೆದ್ದು ಅವಳು ಮೊದಲು ಕಂಡದ್ದು ಆ ಕೋಟೆಗೋಡೆಯನ್ನೇ. ಅದರ ಮೇಲೆ ಕಾಲಿಟ್ಟು ಮಾತ್ರ ಐವತ್ತೇಳು ವರ್ಷವಾಗಿತ್ತು.

ಓಣಿಯ ಉಳಿದ ಹೆಂಗಸರು ಒಗೆದ ಬಟ್ಟೆಗಳನ್ನು ಗೋಡೆಯ ಮೇಲೆಯೇ ಹರವುತ್ತಾರೆ. ಅಲ್ಲಿ ಬಿಸಿಲೂ ಉಂಟು, ಗಾಳಿಯೂ ಉಂಟು. ಫೆಲಿಸ್ಮಿನಾ ಒಬ್ಬಳು ಒದ್ದೆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಇಗರ್ಜಿಯ ಬಯಲಿಗೆ ಹೋಗುವಳು. ಅವಳ ತಂಗಿ ಜುಲ್ಮಿರಾ ಕುಂಟುತ್ತಾ ತನ್ನ ಬಾಗಿಲಿಗೆ ಬಂದು ನಿಂತು ಕೂಗುವಳು:

“ಹೋದ್ಲು ನೋಡ್ರೇ ನಮ್ಮಕ್ಕ, ಪಾದ್ರಿಗಳಿಗೆ ಒಳಲಂಗ ತೋರ್ಸೋಕೆ!”

“ಅವ್ರಿಗೆ ಕಣ್ಣು ಮಂಜು ಕಣೇ. ಏನೂ ಕಾಣ್ಸಲ್ಲ,” ಅಕ್ಕ ತಿರುಗದೆಯೇ ಅನ್ನುವಳು.

“ಕಣ್ಣು ಮಂಜಾದ್ರೇನಂತೆ, ಆಸೆ ಮಂಜಾಗಿಲ್ವಲ್ಲ!”

ನಗು ಓಣಿಯ ತುದಿಯವರೆಗೆ ಹರಿಯುತ್ತಿತ್ತು. ಫೆಲಿಸ್ಮಿನಾಳೂ ನಗುವಳು. ಆದರೆ ಗೋಡೆ ಹತ್ತುವ ಮೆಟ್ಟಿಲು ಹತ್ತಿರವಾದಂತೆ ನಗು ಬತ್ತಿ, ಓಣಿಯ ಆಚೆ ಬದಿಗೆ ಸರಿದು, ಮನೆಗಳ ಗೋಡೆ ಸವರಿಕೊಂಡು ದಾಟುವಳು.

ಗಂಡ ಅಮಾಂದಿಯೊ ಕಲ್ಲುಕೆಲಸದವನು. ಕೋಟೆಯ ಕಲ್ಲು ಸಡಿಲವಾದಾಗ ಕೂರಿಸುವುದು ಅವನ ಪಾಲಿನ ಕೆಲಸ. ಅವನ ಬುತ್ತಿಯನ್ನು ಮೆಟ್ಟಿಲ ಬುಡದಲ್ಲಿಟ್ಟು, “ಇಟ್ಟಿದ್ದೀನಿ” ಎಂದು ಕೂಗಿ, ತಲೆಯೆತ್ತದೆ ತಿರುಗಿ ಬರುತ್ತಿದ್ದಳು. ಇಪ್ಪತ್ತಾರು ವರ್ಷ ದಿನವೂ ಅವನು ಬೀಳುತ್ತಾನೆಂದು ಕಾದಳು. ಅವನು ಬೀಳಲಿಲ್ಲ, ಹಾಸಿಗೆಯಲ್ಲಿ ಎದೆನೋವು ಬಂದು ಹೋದ. ಆಮೇಲೆ ಅವಳು ಮಹಡಿಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡತೊಡಗಿದಳು.

ಬಂದವರಿಗೆ ಹೇಳಬೇಕಾದದ್ದನ್ನೆಲ್ಲ ಹೇಳುವಳು. ಬಿಸಿನೀರಿನ ನಲ್ಲಿ ಉಲ್ಟಾ ತಿರುಗುತ್ತದೆ, ಬೀಗಕ್ಕೆ ಎರಡು ಸುತ್ತು, ಬೆಕ್ಕು ನಮ್ಮದಲ್ಲ ಅದಕ್ಕೆ ಏನೂ ಹಾಕಬೇಡಿ. ಕೋಟೆಯ ಮೇಲೆ ಹೋಗುವುದು ಎಲ್ಲಿಂದ ಎಂದು ಕೇಳಿದರೆ ಮಾತ್ರ ಕೈಯೆತ್ತಿ ಆ ಕಡೆ ತೋರಿಸಿ ಒಳಗೆ ಹೋಗಿಬಿಡುವಳು. ಮೆಟ್ಟಿಲ ಬುಡದಲ್ಲಿ ಒಂದು ಫಲಕವಿದೆ, ತಲೆಕೆಳಗಾಗಿ ಬೀಳುವ ಮನುಷ್ಯನ ಚಿತ್ರ ಹಾಕಿ. ಪ್ರವಾಸಿಗರು ಅದರ ಪಕ್ಕ ನಿಂತು ತಾವೂ ಬೀಳುವವರಂತೆ ಕೈಕಾಲು ಹರಡಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಗೋಡೆಯ ಮೇಲಿನ ದಾರಿ ಒಂದು ಮಾರು ಅಗಲ. ಹೊರಬದಿಗೆ ಎದೆಯೆತ್ತರದ ಕಲ್ಲಿನ ತೆನೆ, ಹಲ್ಲುಹಲ್ಲಾಗಿ ಕಟ್ಟಿದ ತಡೆಗೋಡೆ. ಒಳಬದಿಗೆ, ಊರಿನ ಕಡೆಗೆ, ಏನೂ ಇಲ್ಲ. ಕಾಲು ತಪ್ಪಿದರೆ ಮೂರಾಳು ಕೆಳಗೆ ಬಂಡೆ. ಕಟ್ಟಿದವರಿಗೆ ಹೆದರಿಕೆ ಇದ್ದದ್ದು ಹೊರಗಿನಿಂದ ಹತ್ತುವವರದು, ಒಳಕ್ಕೆ ಬೀಳುವವರದ್ದಲ್ಲ. ಮಂಜು ಕವಿಯಿತೆಂದರೆ ಮೇಲಿದ್ದವರಿಗೆ ತಮ್ಮ ಪಾದವೇ ಕಾಣದು. ಆಗ ಓಣಿಯವರೆಲ್ಲ ಬಾಗಿಲಿಗೆ ಬಂದು ಬಾಣಲೆಗೆ ಸೌಟಿನಿಂದ ಬಡಿಯಬೇಕು. ಸದ್ದು ಬರುವ ಕಡೆ ಊರು. ಊರಿನ ಕಡೆಯೇ ಪಾತಾಳ. ಮೇಲಿದ್ದವರು ಸದ್ದಿಗೆ ಬೆನ್ನು ಮಾಡಿ, ಎರಡೂ ಕೈಯನ್ನು ತೆನೆಗೆ ಊರಿ, ಏಡಿಯಂತೆ ಅಡ್ಡಡ್ಡ ಸರಿಯಬೇಕು. ಮೆಟ್ಟಿಲ ಬಳಿಯ ಬಾಣಲೆ ದೊಡ್ಡದು, ಅದರ ದನಿ ಬೇರೆ. ಅದು ನೇರ ಬೆನ್ನಿಗೆ ಬಂದಾಗ ಕುಳಿತು, ತೆವಳಿ, ಮೆಟ್ಟಿಲು ಹುಡುಕಿಕೊಳ್ಳಬೇಕು. ಕಲ್ಲಿಗೆ ಕೈ, ಬಾಣಲೆಗೆ ಬೆನ್ನು. ಈ ಊರಿನ ಮಗುವಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನೀರು ಒದ್ದೆ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಇನ್ನೊಂದು ಮಾತೂ ಉಂಟು. ಬಡಿಯತೊಡಗಿದ ಮೇಲೆ, ಮೇಲಿನವರು ಇಳಿದು ಬಂದು ಎದುರು ನಿಲ್ಲುವವರೆಗೆ ಕೈ ನಿಲ್ಲಬಾರದು.

ಫೆಲಿಸ್ಮಿನಾಳ ಕೈ ನಿಂತಿತ್ತು.

ಆಗ ಅವಳಿಗೆ ಹನ್ನೊಂದು, ಜುಲ್ಮಿರಾಳಿಗೆ ಒಂಬತ್ತು. ಆಲಿವ್ ಕೊಯ್ಲಿನ ಕಾಲ. ದೊಡ್ಡವರೆಲ್ಲ ಬೆಟ್ಟದ ಇಳಿಜಾರಿನ ತೋಪುಗಳಿಗೆ ಹೋಗಿದ್ದರು. ಒಣಗಿದ ಬಟ್ಟೆ ತರಲು ಜುಲ್ಮಿರಾ ಮೇಲೆ ಹೋದಳು, ಮಂಜು ಬಂತು. ಓಣಿಯಲ್ಲಿ ಬಾಣಲೆ ಹಿಡಿಯಲು ಇದ್ದವಳು ಫೆಲಿಸ್ಮಿನಾ ಒಬ್ಬಳೇ. ಬಡಿದಳು, ಬಡಿದಳು. ಕಬ್ಬಿಣದ ಸೌಟು ಅಂಗೈಯ ಚರ್ಮ ಸುಲಿಯಿತು. ಕೈ ಬದಲಾಯಿಸೋಣವೆಂದು ಬಾಣಲೆಯನ್ನು ಮಂಡಿಯ ಮೇಲಿಟ್ಟುಕೊಂಡಳು. ಒಂದು ಉಸಿರಿನಷ್ಟು ಹೊತ್ತು. ಆ ಉಸಿರಿನೊಳಗೆ ಎದುರಿನ ಕೋಳಿಗೂಡಿನ ಮೇಲೆ ಏನೋ ದೊಪ್ಪೆಂದು ಬಿತ್ತು, ಕೋಳಿಗಳು ಚೀರಿದವು.

ಜುಲ್ಮಿರಾ ಬದುಕಿದಳು. ಸೊಂಟದ ಮೂಳೆ ಮುರಿದು ವಾರೆಯಾಗಿ ಕೂಡಿಕೊಂಡಿತು. ತಾಯಿ ಹೊಡೆಯಲಿಲ್ಲ, ಬೈಯಲಿಲ್ಲ. “ಯಾಕೆ ನಿಲ್ಸ್ದೆ?” ಎಂದು ಒಂದೇ ಒಂದು ಸಲ ಕೇಳಿದಳು. ಅಂದಿನಿಂದ ತಂಗಿಯ ಬಟ್ಟೆ ಒಗೆಯುವುದು, ಸೌದೆ ಹೊರುವುದು, ಮಧ್ಯಾಹ್ನದ ಸೂಪು ಮುಟ್ಟಿಸುವುದು ಅಕ್ಕನ ಪಾಲಿಗೆ ಬಂತು. ಜುಲ್ಮಿರಾಳಿಗೆ ಗಂಡು ಕೂಡಿಬರಲಿಲ್ಲ. ಅದೂ ಅಕ್ಕನ ತಲೆಗೇ. ಸೂಪಿಗೆ ಉಪ್ಪು ಕಡಿಮೆಯಾದ ದಿನ ಜುಲ್ಮಿರಾ ಚಮಚ ಕೆಳಗಿಟ್ಟು, “ಹೂಂ, ಬಾಣಲೆ ನಿಲ್ಸಿದ ಕೈ ಅಲ್ವಾ, ಉಪ್ಪನ್ನೂ ಅರ್ಧಕ್ಕೇ ನಿಲ್ಸಿದೆ” ಎನ್ನುವಳು. ತಮಾಷೆಗೇ ಅನ್ನುವಳು. ಅಕ್ಕ ಉಪ್ಪಿನ ಭರಣಿ ತರುವಳು.

ಇದು ಫೆಲಿಸ್ಮಿನಾಳ ಬದುಕು. ಹೀಗೇ ಮುಗಿಯುತ್ತದೆಂದು ಅವಳೂ ತಿಳಿದಿದ್ದಳು. ಅಷ್ಟರಲ್ಲಿ, ಪ್ರವಾಸಿಗರು ಅಪರೂಪವಾಗುವ ಮಂಜಿನ ಕಾಲದಲ್ಲಿ, ಆ ನವೆಂಬರಿನಲ್ಲಿ ಜುರೆಮಾ ಬಂದಳು.

ಜುರೆಮಾ ಬ್ರೆಜಿಲಿನವಳು. ಭಾಷೆ ಒಂದೇ, ರಾಗ ಬೇರೆ. ಎಳೆದೆಳೆದು ಹಾಡಿನಂತೆ ಮಾತಾಡುವಳು. ಮಕ್ಕಳ ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆದುಕೊಡುವ ಕೆಲಸ, ಮೂವತ್ತೈದರ ಆಸುಪಾಸು, ಒಂಟಿ ಪ್ರಯಾಣ. ಮೈಮೇಲೆ ಬೆಂಕಿಯಂಥ ಕೆಂಪು ಮಳೆಕೋಟು.

“ನಮ್ಮ ಕಡೆ ಎಲ್ಲಾ ಬಯಲು, ದೋನಾ ಫೆಲಿಸ್ಮಿನಾ. ದನ ಕಟ್ಟೋಕೂ ಗೋಡೆ ಇಲ್ಲ, ಬರೀ ತಂತಿ. ಅದಕ್ಕೇ ಗೋಡೆ ಇರೋ ಊರು ನೋಡ್ಬೇಕು ಅಂತ ಚಿಕ್ಕಂದಿನಿಂದ ಆಸೆ,” ಎಂದಳು ಊಟಕ್ಕೆ ಕುಳಿತಾಗ. ದೋನಾ ಎಂದರೆ ಅಮ್ಮಾವ್ರೇ ಎಂದಂತೆ.

“ನೋಡಿದ್ಯಲ್ಲ. ಕಲ್ಲು.”

“ಮೇಲೆ ಪೂರ್ತಿ ಒಂದು ಸುತ್ತು ಹಾಕ್ಬಹುದಾ?”

“ಹಾಕ್ತಾರೆ.”

“ನೀವು ಹಾಕಿದ್ದೀರಾ?”

“ಸೂಪು ಆರುತ್ತೆ. ಕುಡಿ.”

ಚೆಸ್ಟ್‌ನಟ್ ಕಾಯಿಯ ಸೂಪನ್ನು ಜುರೆಮಾ ಎರಡು ಬಟ್ಟಲು ಕುಡಿದಳು. ಫೋನನ್ನು ಅಡುಗೆಮನೆಯ ಗೋಡೆಯಲ್ಲಿ ಚಾರ್ಜಿಗೆ ಸಿಕ್ಕಿಸಿ, “ಬಂದು ಕಾಫಿ ಮಾಡ್ಕೊಡ್ತೀನಿ ನಿಮ್ಗೆ, ನಮ್ಮೂರಿನ ಹಾಗೆ” ಎಂದು ಹೊರಟಳು. ಅವಳು ಮೆಟ್ಟಿಲ ಕಡೆ ತಿರುಗುವುದು ಬಾಗಿಲಿನಿಂದ ಕಂಡಿತು. ಫೆಲಿಸ್ಮಿನಾ ಕಣ್ಣು ಕೆಳಗೆ ಮಾಡಿ ಬಟ್ಟಲು ತೊಳೆಯತೊಡಗಿದಳು.

ಮಂಜು ಯಾವಾಗಲೂ ಗಡಿಯಾಚೆಯಿಂದಲೇ ಬರುವುದು. ಸ್ಪೇನಿನಿಂದ ಒಳ್ಳೆ ಗಾಳಿಯೂ ಬರಲ್ಲ, ಒಳ್ಳೆ ಸಂಬಂಧವೂ ಬರಲ್ಲ ಎಂದು ಇಲ್ಲಿಯವರು ಹೇಳುವುದುಂಟು. ಅಂದು ಮೂರು ಗಂಟೆಯ ಹೊತ್ತಿಗೆ ಕಣಿವೆಯಿಂದ ಎದ್ದ ಬಿಳಿ, ಗೋಡೆಯ ತೆನೆಗಳ ಸಂದಿನಿಂದ ಹಾಲು ಉಕ್ಕಿದಂತೆ ಒಳಗೆ ಇಳಿಯಿತು. ಮೊದಲು ಇಗರ್ಜಿಯ ಗೋಪುರ ಹೋಯಿತು. ಆಮೇಲೆ ಗೋಡೆಯ ತಲೆ ಹೋಯಿತು. ಫೆಲಿಸ್ಮಿನಾ ಬಾಗಿಲಿಗೆ ಬರುವಷ್ಟರಲ್ಲಿ ಕೋಸಿನ ಮೊದಲ ಸಾಲು ಮಾತ್ರ ಉಳಿದಿತ್ತು.

ಮೆಟ್ಟಿಲ ಬಳಿಯ ಮನೆ ತಿಯೊ ಬೆಲ್ಮಿರೊನದು. ಎಂಬತ್ತೊಂದು ವರ್ಷ, ವಯಸ್ಸಾದವರನ್ನು ತಿಯೊ ಎಂದು ಕರೆಯುವುದು ವಾಡಿಕೆ, ಮಾವ ಎಂದಂತೆ. ಓಣಿಯ ಮೊದಲ ಬಾಣಲೆ ಅವನದೇ.

“ಮೇಲೆ ಯಾರಾದ್ರೂ ಇದ್ದಾರೇನ್ರೇ?” ಅವನ ಕೂಗು ಮಂಜಿನೊಳಗಿಂದ ಬಂತು.

“ಫೆಲಿಸ್ಮಿನಾ ಮನೆಯೋಳು! ಕೆಂಪು ಕೋಟಿನೋಳು!” ಯಾರೋ ಹೆಂಗಸು ಉತ್ತರ ಕೊಟ್ಟಳು.

ಢಣ್ ಎಂದಿತು ದೊಡ್ಡ ಬಾಣಲೆ. ಪಕ್ಕದ್ದು ಸೇರಿತು, ಅದರ ಪಕ್ಕದ್ದು ಸೇರಿತು. ಹರೆಯದವರೆಲ್ಲ ಕೊಯ್ಲಿಗೆ ಇಳಿದಿದ್ದರು. ಬಾಗಿಲುಗಳಲ್ಲಿ ನಿಂತದ್ದು ಬರೀ ಹಣ್ಣುತಲೆಗಳು. ಫೆಲಿಸ್ಮಿನಾಳೂ ತನ್ನ ಬಾಣಲೆ ತಂದಳು. ಹದಿನಾಲ್ಕು ಬಾಗಿಲು, ಹದಿನಾಲ್ಕು ಬಾಣಲೆ.

ಮೇಲಿನಿಂದ ದನಿ ಬಂತು. ನಗುವಿನ ದನಿ.

“ಕೇಳಿಸ್ತಿದೆ! ಥ್ಯಾಂಕ್ಸ್! ಬಂದೆ, ಬಂದೆ, ಸದ್ದಿನ ಕಡೆಗೇ ಬರ್ತಾ ಇದ್ದೀನಿ!”

ಫೆಲಿಸ್ಮಿನಾ ಬಡಿಯುತ್ತಲೇ ತಲೆಯೆತ್ತಿದಳು. ಸದ್ದಿನ ಕಡೆಗೇ. ಇವಳಿಗೆ ಗೊತ್ತಿಲ್ಲ. ಬಿಸಿನೀರಿನ ನಲ್ಲಿ ಹೇಳಿದೆ, ಬೀಗ ಹೇಳಿದೆ, ಬೆಕ್ಕಿನ ವಿಷಯ ಹೇಳಿದೆ. ಇದನ್ನು ಹೇಳಲಿಲ್ಲ.

“ನಿಲ್ಲು! ಅಲ್ಲೇ ನಿಲ್ಲು!”

ಅಷ್ಟು ಬಾಣಲೆಗಳ ನಡುವೆ ಅವಳ ಕಿರುಚು ಅವಳಿಗೇ ಕೇಳಲಿಲ್ಲ. ಮೇಲಿನಿಂದ ಒಂದು ಕಲ್ಲುಚೂರು ಉರುಳಿ ಎದುರಿನ ಕೋಸಿನ ಎಲೆಯ ಮೇಲೆ ಬಿತ್ತು. ಅಂಚಿನ ಕಲ್ಲು ಅದು. ಜುರೆಮಾಳ ಕಾಲು ಅಂಚಿಗೆ ಬಂದಿದೆ.

ಇಷ್ಟೆಲ್ಲ ತಿಳಿದರೂ ಫೆಲಿಸ್ಮಿನಾಳ ಕೈ ಬಡಿಯುತ್ತಲೇ ಇತ್ತು. ನಿಲ್ಲಿಸು ಎಂದು ತಲೆ ಹೇಳಿತು, ಕೈ ಒಪ್ಪಲಿಲ್ಲ. ನಿಲ್ಲಿಸಿದರೆ ಏನಾಗುತ್ತದೆಂದು ಆ ಕೈಗಿಂತ ಚೆನ್ನಾಗಿ ಬಲ್ಲವರಾರು? ಕೊನೆಗೆ ಬಾಣಲೆ ಜಾರಿ ಅವಳ ಕಾಲ್ಬೆರಳ ಮೇಲೆ ಬಿದ್ದಾಗಲೇ ಸದ್ದು ನಿಂತದ್ದು.

ಅವಳು ಬೆಲ್ಮಿರೊನ ಬಳಿಗೆ ಓಡಿದಳು.

“ತಿಯೊ, ನಿಲ್ಸಿ! ಅವಳು ಬಾಣಲೆ ಕಡೆ ನಡೀತಿದ್ದಾಳೆ!”

“ಏನು?”

“ನಿಲ್ಸೀ ಅಂದೆ!”

“ಹುಚ್ಚು ಹಿಡೀತಾ ನಿಂಗೆ? ಒಂದ್ಸಲ ನಿಲ್ಸಿ ಏನ್ಮಾಡ್ದೆ ಅಂತ ಮರ್ತೋಯ್ತಾ? ಹೋಗು, ನಿನ್ನ ಬಾಗಿಲಿಗೆ ಹೋಗು, ಬಡಿ!” ಮುದುಕ ಮುಖ ತಿರುಗಿಸಿ ಇನ್ನೂ ಜೋರಾಗಿ ಬಡಿದ.

ಅವನನ್ನು ತಪ್ಪು ಅನ್ನುವುದು ಹೇಗೆ? ಅವನ ಜಾಗದಲ್ಲಿ ಅವಳಿದ್ದರೂ ಹಾಗೇ ಅನ್ನುತ್ತಿದ್ದಳು. ಈ ಓಣಿಯಲ್ಲಿ ಬಾಣಲೆ ನಿಲ್ಲಿಸಿ ಎಂದು ಹೇಳಿ ದಕ್ಕಿಸಿಕೊಳ್ಳಬಲ್ಲವರು ಒಬ್ಬರೇ. ಬಿದ್ದವಳು.

ಜುಲ್ಮಿರಾ ಕುರ್ಚಿಯನ್ನು ಹೊರಗೆ ಹಾಕಿಕೊಂಡು, ಬಾಣಲೆಯನ್ನು ಮಂಡಿಗಳ ನಡುವೆ ಹಿಡಿದು, ಕಣ್ಣು ಮುಚ್ಚಿ ಬಡಿಯುತ್ತಿದ್ದಳು. ಅಕ್ಕ ಬಂದು ಸೌಟು ಹಿಡಿದಳು.

“ಬಿಡೇ!”

“ನಿಲ್ಸು, ಜುಲ್ಮಿರಾ.”

“ಮತ್ತೆ ನಿಲ್ಲಿಸ್ಬೇಕಾ? ನನ್ನ ಒಂದು ಕಾಲು ಸಾಲ್ದಾ ನಿಂಗೆ?”

“ಅವಳಿಗೆ ಬೆನ್ನು ಮಾಡ್ಬೇಕು ಅಂತ ಗೊತ್ತಿಲ್ಲ ಕಣೇ. ಮುಖ ಮಾಡ್ಕೊಂಡು ಬರ್ತಿದ್ದಾಳೆ. ಬಾ ಬಾ ಅಂತ ನಾವೇ ಕರೀತಿದ್ದೀವಿ. ನೀನು ಹೇಳಿದ್ರೆ ಎಲ್ಲಾರೂ ನಿಲ್ಲಿಸ್ತಾರೆ.”

ಜುಲ್ಮಿರಾಳ ಮುಖದ ಮೇಲಿನ ಸಿಟ್ಟು ಹಾಗೇ ಇಳಿದುಹೋಯಿತು. ಸೌಟಿನ ಮೇಲಿನ ಹಿಡಿತವೂ ಸಡಿಲವಾಯಿತು. ಅಕ್ಕನನ್ನು ನೋಡದೆ, ಮಂಜಿನ ಕಡೆ ನೋಡುತ್ತಾ ಅಂದಳು:

“ನಾನೂ ಹಂಗೇ ಬಂದಿದ್ದು.”

“ಏನು?”

“ನಂಗೆ ಗೊತ್ತಿತ್ತು, ಕಲ್ಲಿಗೆ ಕೈ ಅಂತ. ಆದ್ರೆ ಅದು ನಿನ್ನ ಬಾಣಲೆ. ನೀನು ಅಷ್ಟು ಹತ್ರ ಇದ್ದೆ. ಭಯ ಆಯ್ತು, ನಿನ್ನ ಹತ್ರ ಬರ್ಬೇಕು ಅನ್ನಿಸ್ತು. ಕಲ್ಲು ಬಿಟ್ಟು ತಿರುಗ್ದೆ. ನೀನು ನಿಲ್ಸೋ ಮುಂಚೇನೇ ನನ್ನ ಕಾಲ ಕೆಳಗೆ ನೆಲ ಇರ್ಲಿಲ್ಲ.”

ಮಾತು ಕಿವಿಗೆ ಬಿತ್ತು. ಒಳಗೆ ಇಳಿಯಲು ಪುರುಸೊತ್ತಿರಲಿಲ್ಲ. ಜುಲ್ಮಿರಾ ಕುರ್ಚಿಯ ಕೈ ಹಿಡಿದು ಎದ್ದು ನಿಂತು, ತನ್ನ ಬಾಣಲೆಯನ್ನು ಎತ್ತಿ ಓಣಿಯ ಕಲ್ಲುಹಾಸಿನ ಮೇಲೆ ಎಸೆದಳು.

“ನಿಲ್ಸ್ರೋ! ಎಲ್ಲಾರೂ ನಿಲ್ಸ್ರಿ! ಬಿದ್ದೋಳು ನಾನು, ನಾನು ಹೇಳ್ತಿದ್ದೀನಿ, ನಿಲ್ಸ್ರೀ!”

ಪಕ್ಕದ ಬಾಗಿಲು ನಿಂತಿತು. ಅದರ ಪಕ್ಕದ್ದು ನಿಂತಿತು. ಕೊನೆಗೆ ಬೆಲ್ಮಿರೊನ ದೊಡ್ಡ ಬಾಣಲೆ ಎರಡು ಸಲ ತಡವರಿಸಿ ಸುಮ್ಮನಾಯಿತು.

ಮೇಲೆ ಜನವಿದ್ದಾಗ ಮಂಜಿನಲ್ಲಿ ಬಾಣಲೆಯಿಲ್ಲದ ಓಣಿ ಹೇಗಿರುತ್ತದೆಂದು ಆ ಅಕ್ಕತಂಗಿಯರನ್ನು ಬಿಟ್ಟು ಅಲ್ಲಿ ಯಾರೂ ಕೇಳಿರಲಿಲ್ಲ. ಎಲೆಯಿಂದ ನೀರು ತೊಟ್ಟಿಕ್ಕುವುದು ಕೇಳಿತು. ಯಾರೋ ಹಲ್ಲು ಕಡಿಯುವುದು ಕೇಳಿತು.

“ಯಾಕೆ ನಿಲ್ಸಿದ್ರಿ?” ಮೇಲಿನ ದನಿಯಲ್ಲಿ ಈಗ ನಗುವಿರಲಿಲ್ಲ. “ಅಯ್ಯೋ, ಎಲ್ಲಿದ್ದೀರಾ? ಯಾವ ಕಡೆ ಬರ್ಲಿ?”

“ಕೂತ್ಕೋ!” ಫೆಲಿಸ್ಮಿನಾ ಬಾಯಿಗೆ ಎರಡೂ ಕೈ ಕೊಟ್ಟು ಕೂಗಿದಳು. “ಜುರೆಮಾ! ಒಂದು ಹೆಜ್ಜೆನೂ ಇಡ್ಬೇಡ! ಇದ್ದಲ್ಲೇ ಕೂತ್ಕೋ, ನೆಲ ಹಿಡ್ಕೋ!”

ಬಟ್ಟೆ ಉಜ್ಜಿದ ಸದ್ದು. ಮತ್ತೆ ಒಂದಿಷ್ಟು ಮಣ್ಣು ಉದುರಿತು. ಆಮೇಲೆ ಒಂದು ಚೀರು, ಚೀರಿನ ಹಿಂದೆಯೇ ಬಂಡೆಯ ಮೇಲೆ ಏನೋ ಬಿದ್ದ ಸದ್ದು. ಓಣಿಯ ತುಂಬ ಹೆಂಗಸರು ಎದೆಯ ಮೇಲೆ ಶಿಲುಬೆ ಬರೆದುಕೊಂಡರು.

“ಶೂ... ನನ್ನ ಶೂ ಬಿತ್ತು,” ದನಿ ಅಳುತ್ತಿತ್ತು. “ಒಂದು ಕಾಲಿಗೆ ಏನೂ ಸಿಗ್ತಿಲ್ಲ. ಕೆಳಗೆ ಏನೂ ಇಲ್ಲ ದೋನಾ ಫೆಲಿಸ್ಮಿನಾ! ಯಾವ ಕಡೆ ಸರೀಲಿ?”

ಯಾವ ಕಡೆ ಎಂದು ಕೆಳಗಿನಿಂದ ಹೇಳುವುದು ಹೇಗೆ? ಅವಳು ಯಾವ ಕಡೆ ಮುಖ ಮಾಡಿ ಕುಳಿತಿದ್ದಾಳೋ. ಎಡಕ್ಕೆ ಎಂದರೆ ಅದೇ ಪಾತಾಳವಾದೀತು. ಕೆಳಗಿನ ಪೇಟೆಯ ಅಗ್ನಿಶಾಮಕದವರಿಗೆ ಯಾರೋ ಫೋನು ಮಾಡಿದರು. ಈ ಮಂಜಿನಲ್ಲಿ ಬೆಟ್ಟ ಹತ್ತಲು ಮುಕ್ಕಾಲು ಗಂಟೆ ಎಂದರಂತೆ. ಬೆಲ್ಮಿರೊ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಎರಡನೆಯದಕ್ಕಾಗಿ ಕೈಯಿಂದ ತಡವಿದ. ಫೆಲಿಸ್ಮಿನಾ ಅವನ ತೋಳು ಹಿಡಿದು ಬದಿಗೆ ಸರಿಸಿದಳು.

ನಿಂತು ಹತ್ತಲಿಲ್ಲ ಅವಳು. ಮೊದಲ ಮೆಟ್ಟಿಲಿನಿಂದಲೇ ಕೈ ಮಂಡಿ ಊರಿದಳು. ಮೂವತ್ತೊಂದು ಮೆಟ್ಟಿಲು; ಚಿಕ್ಕಂದಿನಲ್ಲಿ ಹಾರಿಕೊಂಡು ಇಳಿಯುತ್ತಿದ್ದಳು. ಕಲ್ಲು ಒದ್ದೆಯಾಗಿ ಮೀನಿನ ಮೈಯಂತಿತ್ತು. ಹತ್ತನೆಯದರಲ್ಲಿ ಓಣಿ ಮಾಯವಾಯಿತು. ಇಪ್ಪತ್ತನೆಯದರಲ್ಲಿ ತನ್ನ ಕೈ ಮಾಯವಾಯಿತು. ಒಂದು ಸಲ ವಾಂತಿಯೂ ಆಯಿತು. ಒರೆಸಿಕೊಳ್ಳಲು ಕೈಯೆತ್ತುವ ಧೈರ್ಯವಾಗಲಿಲ್ಲ.

ಕೊನೆಯ ಮೆಟ್ಟಿಲಿನಿಂದ ತೆನೆಗೆ ಒಂದು ಮಾರು. ಆ ಒಂದು ಮಾರಿನಲ್ಲಿ ಹಿಡಿಯಲು ಏನೂ ಇಲ್ಲ. ಹೊಟ್ಟೆ ನೆಲಕ್ಕೆ ಕೊಟ್ಟು ಉಡದಂತೆ ಸರಿದಳು. ತಲೆ ಕಲ್ಲಿಗೆ ಬಡಿಯಿತು. ಅಷ್ಟು ಒಳ್ಳೆಯ ಪೆಟ್ಟು ಅವಳು ಜನ್ಮದಲ್ಲಿ ತಿಂದಿರಲಿಲ್ಲ.

“ಜುರೆಮಾ, ಮಾತಾಡು. ನಿಲ್ಲಿಸ್ಬೇಡ. ನಿನ್ನ ದನಿ ಹಿಡ್ಕೊಂಡು ಬರ್ತೀನಿ.”

“ಏನು ಮಾತಾಡ್ಲಿ?”

“ಏನಾದ್ರೂ. ನಿಮ್ಮಮ್ಮ ಕೋಳಿ ಹೆಂಗೆ ಮಾಡ್ತಾಳೆ ಹೇಳು.”

“ಅಮ್ಮ... ಅಮ್ಮ ಮೊದ್ಲು ಬೆಳ್ಳುಳ್ಳಿ ಜಜ್ತಾಳೆ. ಆಮೇಲೆ ಅರಿಶಿನ. ಆಮೇಲೆ ಅಕ್ಕಿನೂ ಅದ್ರಲ್ಲೇ ಹಾಕ್ತಾಳೆ...” ಅಳುವಿನ ನಡುವೆ ಪಕ್ಕದ ಮನೆಯವಳಿಗೆ ಹೇಳಿದಂತೆ ಹೇಳುತ್ತಾ ಹೋದಳು.

ಎಡಭುಜವನ್ನು ತೆನೆಗೆ ಒತ್ತಿ ಫೆಲಿಸ್ಮಿನಾ ಮಂಡಿಯ ಮೇಲೆ ಸರಿದಳು. ಅರಿಶಿನ ಹತ್ತಿರವಾಯಿತು. ಅಕ್ಕಿ ಇನ್ನೂ ಹತ್ತಿರವಾಯಿತು. ಬಲಗಡೆ, ಕೈಯಳತೆಯಲ್ಲಿ, ಮಂಜಿನೊಳಗೆ ಒಂದು ಕೆಂಪು ಕಲೆ ಮೂಡಿತು. ಹಿಡಿಯಬೇಕಾದರೆ ತೆನೆ ಬಿಡಬೇಕು. ತೆನೆಯ ಸಂದಿಗೆ ಎಡಗೈ ಬೆರಳುಗಳನ್ನು ತುರುಕಿ, ಉಗುರು ಮುರಿಯುವಂತೆ ಹಿಡಿದು, ಬಲಗೈ ಚಾಚಿದಳು. ಬೆರಳ ತುದಿಗೆ ಕೋಟಿನ ಅಂಚು ತಗುಲಿತು, ಜಾರಿತು. ಮತ್ತೆ ತಗುಲಿತು.

“ಕಿರುಚ್ಬೇಡ. ನಾನೇ. ಎಳೀತೀನಿ, ನೀನು ಎದ್ದೇಳ್ಬೇಡ. ಚೀಲದ ಹಾಗೆ ಬಾ.”

ಎಳೆದಳು. ಒದ್ದೆ ಬುಟ್ಟಿ ಹೊತ್ತ ತೋಳು ಅದು. ಜುರೆಮಾ ಚೀಲದ ಹಾಗೆಯೇ ಬಂದು ಅವಳ ಮೇಲೆ ಬಿದ್ದಳು. ಇಬ್ಬರೂ ತೆನೆಗೆ ಬೆನ್ನು ಒತ್ತಿ, ಒಬ್ಬರ ಉಸಿರು ಒಬ್ಬರ ಮುಖಕ್ಕೆ ಬೀಳುವಂತೆ ತಬ್ಬಿ ಕುಳಿತರು.

“ಈಗ ಇಳಿಯೋಣ್ವಾ?” ಸ್ವಲ್ಪ ಹೊತ್ತಿನ ಮೇಲೆ ಜುರೆಮಾ ಪಿಸುಗುಟ್ಟಿದಳು.

“ಇಲ್ಲ.”

“ಯಾಕೆ?”

“ನನ್ನ ಕಾಲು ಬರಲ್ಲ.”

ನಿಜವಾಗಿಯೂ ಬರಲಿಲ್ಲ. ಬರುವಾಗ ಎಲ್ಲೋ ಹೋಗಿದ್ದ ಭಯವೆಲ್ಲ ಈಗ ಒಟ್ಟಾಗಿ ತಿರುಗಿ ಬಂದಿತ್ತು. ಕೆಳಗಿನಿಂದ ಬೆಲ್ಮಿರೊ, “ಫೆಲಿಸ್ಮಿನಾ! ಇದ್ದೀರಾ?” ಎಂದು ಕೂಗಿದ. ಜುರೆಮಾಳೇ, “ಇದ್ದೀವಿ! ಇಬ್ರೂ ಇದ್ದೀವಿ!” ಎಂದಳು. ಕೆಳಗೆ ಹದಿಮೂರು ಬಾಗಿಲುಗಳಿಂದ ಒಮ್ಮೆಗೇ ನಿಟ್ಟುಸಿರು ಬಂತು.

ಅರ್ಧ ಗಂಟೆಯ ಮೇಲೆ ಗಾಳಿ ಎದ್ದಿತು. ಬಿಳಿ ಹರಿದು ಹರಿದು ಹೋಯಿತು. ಎದುರಿಗೆ ಒಂದು ಮಾರಿನಷ್ಟು ಕಲ್ಲು ಕಂಡಿತು, ಅದರ ಮೇಲೆ ಜುರೆಮಾಳನ್ನು ಎಳೆದ ಒದ್ದೆ ಗುರುತು. ಗುರುತು ಶುರುವಾದದ್ದು ಅಂಚಿನ ತುದಿಯಿಂದಲೇ. ಕೆಳಗಿನ ಬಂಡೆಯ ಮೇಲೆ ಒಂಟಿ ಶೂ. ಜುರೆಮಾ ಅದನ್ನು ನೋಡಿದಳು, ಅಂಚನ್ನು ನೋಡಿದಳು, ಮತ್ತೆ ಫೆಲಿಸ್ಮಿನಾಳ ಎದೆಯಲ್ಲಿ ಮುಖ ಹುಗಿದಳು. ಕಾಣದಾಗ ಅತ್ತದ್ದಕ್ಕಿಂತ ಕಂಡ ಮೇಲೆ ಅತ್ತದ್ದೇ ಹೆಚ್ಚು.

ಅಗ್ನಿಶಾಮಕದ ಇಬ್ಬರು ಹುಡುಗರು ಬಂದು ಇಬ್ಬರನ್ನೂ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು.

ಸಂಜೆ ಜುರೆಮಾ ಒಲೆಯ ಮುಂದೆ ಕುಳಿತಳು. ಕಾಫಿ ಮಾಡಲು ಎದ್ದವಳಿಗೆ ಪಾತ್ರೆ ಹಿಡಿಯಲಾಗಲಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಹೊರಟಳು. ಹೋಗುವಾಗ ಫೆಲಿಸ್ಮಿನಾಳ ಕೈಯನ್ನು ಹಣೆಗೆ ಒತ್ತಿಕೊಂಡಳು. “ನಾನು ಹೇಳ್ಬೇಕಿತ್ತು ನಿಂಗೆ,” ಎಂದಳು ಫೆಲಿಸ್ಮಿನಾ. ಬಸ್ಸಿನ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಮಧ್ಯಾಹ್ನ ಸೂಪಿನ ಬಟ್ಟಲು ತೆಗೆದುಕೊಂಡು ತಂಗಿಯ ಮನೆಗೆ ಹೋದಳು. ಮೇಜಿನ ಮೇಲಿಟ್ಟು ಅಲ್ಲೇ ನಿಂತಳು.

“ಐವತ್ತೇಳು ವರ್ಷ, ಜುಲ್ಮಿರಾ.”

“ಅಮ್ಮ ನಂಗೆ ಹೊಡೀತಾಳೆ ಅಂತ ಮೊದ್ಲು ಹೇಳ್ಲಿಲ್ಲ.”

“ಆಮೇಲೆ?”

“ಆಮೇಲೆ ನೀನು ದಿನಾ ಸೂಪು ತರ್ತಿದ್ದೆ.” ಜುಲ್ಮಿರಾ ಚಮಚ ತಿರುಗಿಸುತ್ತಾ ಕುಳಿತಳು. “ಹೇಳಿದ್ರೆ ಬರೋದು ನಿಲ್ಲಿಸ್ತೀಯೇನೋ ಅಂತ.”

ಫೆಲಿಸ್ಮಿನಾ ಆ ದಿನ ಉಪ್ಪಿನ ಭರಣಿ ತಂದಿಡದೆಯೇ ಮನೆಗೆ ಹೊರಟುಬಂದಳು. ಮೂರು ದಿನ ಸೂಪು ಹೋಗಲಿಲ್ಲ. ನಾಲ್ಕನೆಯ ದಿನ ಹೋಯಿತು.

ಅದಾದ ಮೇಲೆ ಊರಿನವರು ಯಾವ ಸಭೆಯನ್ನೂ ಸೇರಿಸಲಿಲ್ಲ, ಯಾವ ತೀರ್ಮಾನವನ್ನೂ ಮಾಡಲಿಲ್ಲ. ಆದರೆ ಜನವರಿಯಲ್ಲಿ ಮುಂದಿನ ಮಂಜು ಕವಿದಾಗ ಓಣಿಯಲ್ಲಿ ಬಾಣಲೆಯ ಸದ್ದೇ ಇಲ್ಲ. ಫೆಲಿಸ್ಮಿನಾ ಬಾಗಿಲು ತೆರೆದು ನೋಡಿದರೆ ಎಲ್ಲರೂ ಬಾಣಲೆ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದರು.

“ಬಡೀಲೇನಮ್ಮಾ?” ಬೆಲ್ಮಿರೊ ಕೇಳಿದ. “ನೀನೇ ಹೇಳು.”

ಮೇಲೆ ಊರಿನವರಿದ್ದರೆ ಬಡಿಯದೆ ಕೊಂದಂತೆ. ಹೊರಗಿನವರಿದ್ದರೆ ಬಡಿದು ಕೊಂದಂತೆ. ಬೆಳಿಗ್ಗೆ ಒಂದು ಬಸ್ಸು ಬಂದಿತ್ತು, ಅದು ತಿರುಗಿ ಹೋದದ್ದನ್ನು ಯಾರೂ ನೋಡಿರಲಿಲ್ಲ. ಕೋಟೆಯ ಆಚೆ ಓಣಿಯ ವಿಧವೆ ಬಟ್ಟೆ ಹರವಲು ಹತ್ತಿದ್ದಳೆಂದು ಒಬ್ಬಳು ಅಂದಳು. ಇಲ್ಲ, ಆಗಲೇ ಇಳಿದಳು ಎಂದು ಇನ್ನೊಬ್ಬಳು. ಎಲ್ಲರ ಕಣ್ಣೂ ಫೆಲಿಸ್ಮಿನಾಳ ಮೇಲೆ. ನಿಲ್ಲಿಸಿದವಳೆಂಬ ಭಾರ ಹೋಗಿ, ಈಗ ಶುರು ಮಾಡುವ ಭಾರ ಅವಳ ಹೆಗಲಿಗೆ ಬಂದಿತ್ತು.

“ತಡೀರಿ,” ಎಂದಳು.

ಮೆಟ್ಟಿಲ ಬಳಿ ಹೋಗಿ ಕೈ ಮಂಡಿ ಊರಿ ಹತ್ತಿದಳು. ಓಣಿ ಕಾಣದಾಗುವವರೆಗೆ ಹೋಗಿ ಅಲ್ಲಿ ತಲೆಯೆತ್ತಿದಳು. ಎದುರಿಗೆ ಬರೀ ಬಿಳಿ.

“ಮೇಲೆ ಯಾರಿದ್ದೀರಾ? ಇದ್ದಲ್ಲೇ ಕೂತ್ಕೊಳ್ಳಿ! ಊರಿನೋರೋ, ಹೊರಗಿನೋರೋ, ದನಿ ಕೊಡಿ!”

ಉತ್ತರ ಬರಲಿಲ್ಲ. ಯಾರೂ ಇಲ್ಲವೋ, ಇದ್ದವರಿಗೆ ಈ ಭಾಷೆ ಬಾರದೋ. ಉಸಿರು ಬಿಗಿಹಿಡಿದು, ಕಿವಿಯನ್ನು ಒದ್ದೆ ಕಲ್ಲಿಗೆ ಕೊಟ್ಟಳು. ಕೆಳಗೆ ಹದಿಮೂರು ಸೌಟುಗಳು ಗಾಳಿಯಲ್ಲಿ ಎತ್ತಿದಂತೆಯೇ ನಿಂತಿದ್ದವು. ಅವಳು ಕೇಳುತ್ತಲೇ ಇದ್ದಳು.